ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಸಿ: ಹೊಸ ಸೋಂಕಿನ ಅಧ್ಯಯನವನ್ನು ನಾವು ನಡೆಸಿದ ಬಗೆ

ಡಯಾಲಿಸಿಸ್ ಘಟಕದಲ್ಲಿ ಎಷ್ಟು ಮಂದಿಗೆ ಹೆಪಟೈಟಿಸ್ ಸಿ (ರಕ್ತದ ಮೂಲಕ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು) ಇದೆ ಎಂದು ಎಣಿಸುವುದು ಸುಲಭ. ಎಲ್ಲರ ರಕ್ತ ತೆಗೆದು ಒಮ್ಮೆ ಪರೀಕ್ಷಿಸಿದರೆ ಶೇಕಡಾವಾರು ಸಿಕ್ಕಿಬಿಡುತ್ತದೆ. ಆದರೆ ಆ ಲೆಕ್ಕದಲ್ಲಿ ಹಿಂದೆಂದೋ ರಕ್ತ ಹಾಕಿಸಿಕೊಂಡಾಗ ಬಂದ ಸೋಂಕು, ಬೇರೆ ಘಟಕದಲ್ಲಿ ತಗುಲಿದ್ದು, ನಮ್ಮಲ್ಲೇ ತಗುಲಿದ್ದು ಎಲ್ಲವೂ ಕಲಸಿಹೋಗಿರುತ್ತವೆ. ಘಟಕ ನಡೆಸುವವರಿಗೆ ಬೇಕಾದ ಉತ್ತರವೇ ಬೇರೆ: ಸೋಂಕಿಲ್ಲದೆ ಬಂದವರಿಗೆ ಇಲ್ಲಿ ಸೋಂಕು ತಗಲುತ್ತಿದೆಯೇ, ತಗಲಿದರೆ ಯಾವ ದಾರಿಯಿಂದ? ಇದಕ್ಕೆ ಉತ್ತರ ಕೊಡುವ ಕಾಗದಪತ್ರ, ಶೈತ್ಯದಲ್ಲಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ) ಎರಡೂ ಸೋಂಕು ಕಾಣಿಸುವ ಮೊದಲೇ ಸಿದ್ಧವಿರಬೇಕು. ಆಮೇಲೆ ಹುಡುಕಿದರೆ ಸಿಗುವುದು ಊಹೆ ಮಾತ್ರ. ನಮ್ಮ ಇಡೀ ಯೋಜನೆಯನ್ನು ಈ ಒಂದು ವಿಚಾರದ ಮೇಲೆ ಕಟ್ಟಿದೆವು.

ಮೊದಲ ಕೆಲಸ, ಯಾರನ್ನು ಯಾವ ಗುಂಪಿಗೆ ಸೇರಿಸಬೇಕೆಂಬ ತೀರ್ಮಾನ. ಘಟಕಕ್ಕೆ ಸೇರುವ ಪ್ರತಿಯೊಬ್ಬರಿಗೂ ಆಂಟಿಬಾಡಿ (ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಮತ್ತು ಆರ್‌ಎನ್‌ಎ (ವೈರಸ್ಸಿನದೇ ಅನುವಂಶಿಕ ವಸ್ತು) ಪರೀಕ್ಷೆ ಎರಡನ್ನೂ ಮಾಡಿಸಿದೆವು. ಆಂಟಿಬಾಡಿ ಒಂದನ್ನೇ ನಂಬಿದರೆ ಸಾಲದು. ಸೋಂಕು ತಗುಲಿ ಅದು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 8ರಿಂದ 11 ವಾರ ಬೇಕು, ರೋಗನಿರೋಧಕ ಶಕ್ತಿ ಕುಗ್ಗಿರುವ ಡಯಾಲಿಸಿಸ್ ರೋಗಿಗಳಲ್ಲಿ ಇನ್ನೂ ತಡವಾಗಬಹುದು. ಆರ್‌ಎನ್‌ಎ 1ರಿಂದ 2 ವಾರಗಳಲ್ಲೇ ಸಿಗುತ್ತದೆ. ಆರ್‌ಎನ್‌ಎ ಪಾಸಿಟಿವ್ ಬಂದವರು ಹಳೆಯ ಸೋಂಕಿನವರು, ಹೊಸ ಸೋಂಕಿನ ಲೆಕ್ಕದಿಂದ ಹೊರಗೆ. ಎರಡೂ ನೆಗೆಟಿವ್ ಇದ್ದವರು ಅಪಾಯದಲ್ಲಿರುವವರು. ಆಂಟಿಬಾಡಿ ಪಾಸಿಟಿವ್, ಆರ್‌ಎನ್‌ಎ ನೆಗೆಟಿವ್ ಇರುವವರ ವಿಷಯದಲ್ಲಿ ಹಲವು ಅಧ್ಯಯನಗಳು ಎಡವುತ್ತವೆ: ಇವರನ್ನು 'ಪಾಸಿಟಿವ್' ಎಂದು ಬದಿಗಿಡುತ್ತಾರೆ. ಅವರಿಗೆ ಹಿಂದೆ ಸೋಂಕು ಬಂದು ಹೋಗಿದೆ, ಆದರೆ ಮತ್ತೆ ತಗಲದಂತೆ ಕಾಯುವ ಖಚಿತ ರಕ್ಷಣೆ ಇಲ್ಲ. ಇವರೂ ಅಪಾಯದಲ್ಲಿರುವವರೇ. ನಾವು ಇವರನ್ನು ಪ್ರತ್ಯೇಕ ಸಾಲಿನಲ್ಲಿಟ್ಟು ಆರ್‌ಎನ್‌ಎ ಒಂದರಿಂದಲೇ ಹಿಂಬಾಲಿಸಿದೆವು. ಬೇರೆ ಘಟಕದಿಂದ ಬಂದವರು ಮೊದಲ 6 ತಿಂಗಳೊಳಗೆ ಪಾಸಿಟಿವ್ ಆದರೆ 'ಮೂಲ ಅನಿಶ್ಚಿತ' ಎಂದು ಬರೆದು, ಅವರನ್ನು ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಹಾಕಿದೆವು.

ರಕ್ತ ತೆಗೆಯುವ ಕ್ಷಣ ತುಂಬಾ ಮುಖ್ಯ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಆರ್‌ಎನ್‌ಎ ಪತ್ತೆಹಚ್ಚುವ ಪಿಸಿಆರ್ ಪ್ರತಿಕ್ರಿಯೆಯನ್ನೇ ತಡೆಯುತ್ತದೆ. ಡಯಾಲಿಸಿಸ್ ಘಟಕದಲ್ಲಿ ಹೆಪಾರಿನ್ ಇಲ್ಲದ ಜಾಗವೇ ಇಲ್ಲ. ಹಾಗಾಗಿ ಫಿಸ್ಟುಲಾಗೆ (ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ) ಸೂಜಿ ಹಾಕಿದ ಕೂಡಲೇ, ಸಲೈನ್ ಅಥವಾ ಹೆಪಾರಿನ್ ಹೋಗುವ ಮುಂಚೆ, ಇಡಿಟಿಎ (ಹೆಪಾರಿನ್ ಅಲ್ಲದ, ಹೆಪ್ಪುಗಟ್ಟಿಸದ ಇನ್ನೊಂದು ರಾಸಾಯನಿಕ) ಟ್ಯೂಬಿಗೆ ರಕ್ತ ತೆಗೆಯಬೇಕು. ಕ್ಯಾಥೆಟರ್ ಇದ್ದರೆ ಅದರ ನಳಿಕೆಯಲ್ಲಿ ತುಂಬಿಟ್ಟ ಲಾಕ್ ದ್ರವವನ್ನು ಪೂರ್ತಿ ಹೊರತೆಗೆದು, ಅದರ ಮೇಲೆ ಇನ್ನೂ 10 ಮಿ.ಲೀ. ರಕ್ತ ಎಳೆದ ಮೇಲೆ ಸಿಗುವುದೇ ಪರೀಕ್ಷೆಗೆ ಯೋಗ್ಯ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಅಕ್ಕಪಕ್ಕದಲ್ಲೇ ಇರುವುದರಿಂದ ಕೈತಪ್ಪುವುದು ಸಹಜ. ಅಧ್ಯಯನದ ಟ್ಯೂಬುಗಳನ್ನು ಬೇರೆ ಡಬ್ಬಿಯಲ್ಲೇ ಇಡಿ. ಪ್ರಯೋಗಾಲಯದಿಂದ 'ಇಂಟರ್ನಲ್ ಕಂಟ್ರೋಲ್ ವಿಫಲ' (ಪರೀಕ್ಷೆಯೇ ಸರಿಯಾಗಿ ನಡೆದಿಲ್ಲ) ಎಂಬ ವರದಿ ಬಂದರೆ ಮೊದಲು ಹೆಪಾರಿನ್ ಮೇಲೇ ಅನುಮಾನಪಡಿ, ಅದನ್ನು ನೆಗೆಟಿವ್ ಎಂದು ಬರೆದುಕೊಳ್ಳಬೇಡಿ. ಡಯಾಲಿಸಿಸ್ ಮುಗಿದ ಮೇಲೆ ತೆಗೆದ ರಕ್ತವನ್ನೂ ನಾವು ಒಪ್ಪಲಿಲ್ಲ. ಆ ಅವಧಿಯಲ್ಲಿ ವೈರಸ್ ಪ್ರಮಾಣ ತಾತ್ಕಾಲಿಕವಾಗಿ ಇಳಿಯುವುದುಂಟು. ಪ್ಲಾಸ್ಮಾವನ್ನು 6 ಗಂಟೆಯೊಳಗೆ ಬೇರ್ಪಡಿಸಿ, ಮೂರು ಪುಟ್ಟ ಸೀಸೆಗಳಿಗೆ ಹಂಚಿ ಮೈನಸ್ 70 ಡಿಗ್ರಿಗಿಂತ ಕೆಳಗಿಟ್ಟೆವು. ಒಂದೇ ಸೀಸೆಯನ್ನು ಪದೇ ಪದೇ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ನಾಶವಾಗುತ್ತದೆ.

ಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಸಂಸ್ಥೆ 2008ರಲ್ಲಿ ಹೊರಡಿಸಿ 2018 ಹಾಗೂ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ 6 ತಿಂಗಳಿಗೊಮ್ಮೆ ಎನ್ನುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಅದು ಸರಿ. ಸೋಂಕಿನ ದಾರಿ ಹುಡುಕುವವರಿಗೆ ಆ ಅಂತರ ತೀರಾ ಉದ್ದ. ಕೊನೆಯ ನೆಗೆಟಿವ್ ಮಾದರಿಗಿಂತ 2 ವಾರ ಹಿಂದಿನಿಂದ ಮೊದಲ ಪಾಸಿಟಿವ್ ತನಕ ಯಾವಾಗ ಬೇಕಾದರೂ ಸೋಂಕು ತಗುಲಿರಬಹುದು. ಅಂದರೆ 28 ವಾರ, ವಾರಕ್ಕೆ 3 ಡಯಾಲಿಸಿಸ್ ಲೆಕ್ಕದಲ್ಲಿ ಸುಮಾರು 84 ಸರದಿಗಳನ್ನು ಜಾಲಾಡಬೇಕು. ಎಲ್ಲರಿಗೂ ತಿಂಗಳಿಗೊಂದು ಆರ್‌ಎನ್‌ಎ ಮಾಡಿಸುವುದು ದುಬಾರಿ. ನಾವು ಹಿಡಿದ ದಾರಿ ಇದು: ತಿಂಗಳ ಮಾಮೂಲಿ ರಕ್ತಪರೀಕ್ಷೆಯ ಜೊತೆಗೇ ಒಂದು ಇಡಿಟಿಎ ಟ್ಯೂಬು ಹೆಚ್ಚು ತೆಗೆದು ಪ್ಲಾಸ್ಮಾವನ್ನು ಪರೀಕ್ಷಿಸದೆ ಎತ್ತಿಡುವುದು. ಯಾರಾದರೂ ಪಾಸಿಟಿವ್ ಆದರೆ ಅವರ ಹಳೆಯ ಸೀಸೆಗಳನ್ನು ಇತ್ತೀಚಿನದರಿಂದ ಹಿಂದಕ್ಕೆ ಒಂದೊಂದಾಗಿ ತೆರೆದು ಪರೀಕ್ಷಿಸುವುದು. 84 ಸರದಿಗಳ ಹುಡುಕಾಟ ಹೀಗೆ 6 ವಾರಗಳ ಸುಮಾರು 18 ಸರದಿಗೆ ಇಳಿಯುತ್ತದೆ. ಈ ಅಧ್ಯಯನದಲ್ಲಿ ಖರ್ಚಿಗೆ ತಕ್ಕ ಫಲ ಕೊಡುವ ಏರ್ಪಾಡು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವವನ್ನು ಪ್ರತಿ ತಿಂಗಳೂ ನೋಡಿದೆವು. ಡಯಾಲಿಸಿಸ್ ರೋಗಿಗಳಲ್ಲಿ ಅದರ ಮಟ್ಟ ಮೊದಲೇ ತಗ್ಗಿರುತ್ತದೆ. ವಿಟಮಿನ್ ಬಿ6 ಕೊರತೆಯೂ ಅದಕ್ಕೆ ಒಂದು ಕಾರಣ. ಸದಾ 12ರ ಆಸುಪಾಸಿನಲ್ಲಿದ್ದವರಿಗೆ 30 ಬಂದರೆ ವರದಿಯಲ್ಲಿ 'ನಾರ್ಮಲ್' ಎಂದೇ ಅಚ್ಚಾಗಿರುತ್ತದೆ. ಹೀಗಾಗಿ ಪ್ರಯೋಗಾಲಯದ ಮಿತಿಯನ್ನು ಬಿಟ್ಟು, ಆ ರೋಗಿಯದೇ ಹಿಂದಿನ ಮಟ್ಟದ ಎರಡು ಪಟ್ಟು ದಾಟಿದರೆ ಕೂಡಲೇ ಆರ್‌ಎನ್‌ಎ ಎಂದು ನಿಯಮ ಮಾಡಿಕೊಂಡೆವು.

ಸರದಿ ದಾಖಲೆಯಲ್ಲಿ ಬರೆದದ್ದು: ದಿನಾಂಕ, ಪಾಳಿ, ಕುರ್ಚಿ ಸಂಖ್ಯೆ, ಮಷೀನ್ ಸಂಖ್ಯೆ, ಅದೇ ಕುರ್ಚಿಯಲ್ಲಿ ಹಿಂದೆ ಇದ್ದವರು, ಎಡಬಲದವರು, ಸೂಜಿ ಹಾಕಿದವರ ಸಂಕೇತ, ಹೆಪಾರಿನ್ ಸೀಸೆಯ ಬ್ಯಾಚ್ ಮತ್ತು ಅದನ್ನು ತೆರೆದ ಹೊತ್ತು, ರಕ್ತ ಸೋರಿತೇ, ಟ್ರಾನ್ಸ್‌ಡ್ಯೂಸರ್ ಪ್ರೊಟೆಕ್ಟರ್ (ಮಷೀನಿನ ಒತ್ತಡಮಾಪಕಕ್ಕೆ ರಕ್ತ ಹೋಗದಂತೆ ತಡೆಯುವ ಪುಟ್ಟ ಶೋಧಕ) ಒದ್ದೆಯಾಯಿತೇ. ಆ ಪಾಳಿ ಮುಗಿಯುವುದರೊಳಗೆ ತುಂಬಿಸಬೇಕು, ಮಾರನೆಯ ದಿನಕ್ಕೆ ಬಿಡಬಾರದು. ಸಿಬ್ಬಂದಿಯ ಹೆಸರಿನ ಬದಲು ಸಂಕೇತ ಬಳಸಿ, ಅದರ ಕೀಲಿಪಟ್ಟಿಯನ್ನು ಘಟಕದ ಆಡಳಿತಕ್ಕೆ ಸಿಗದಂತೆ ಇಟ್ಟೆವು. ದಾಖಲೆಯಿಂದ ಶಿಕ್ಷೆ ಬರುತ್ತದೆಂಬ ಭಯ ಹುಟ್ಟಿದರೆ 'ರಕ್ತ ಸೋರಿಲ್ಲ' ಎಂಬ ಕಾಲಂ ತಾನಾಗಿ ತುಂಬಿಕೊಳ್ಳುತ್ತದೆ.

ಎಲ್ಲರೂ ಮೊದಲು ಮಷೀನಿನ ಮೇಲೆ ಅನುಮಾನಪಡುತ್ತಾರೆ. ಹೆಪಟೈಟಿಸ್ ಸಿ ವೈರಸ್ಸಿನ ಗಾತ್ರ ಸುಮಾರು 50 ನ್ಯಾನೊಮೀಟರ್. ಹರಿದುಹೋಗಿರದ ಡಯಲೈಸರ್ (ರಕ್ತ ಶೋಧಿಸುವ ಸಾಧನ) ಪೊರೆಯ ರಂಧ್ರಗಳಲ್ಲಿ ಅದು ನುಸುಳಲಾರದು. ಹೆಪಟೈಟಿಸ್ ಸಿ ಇದ್ದವರಿಗೆ ಪ್ರತ್ಯೇಕ ಮಷೀನ್, ಪ್ರತ್ಯೇಕ ಕೋಣೆ ಬೇಕೆಂದು ಕೆಡಿಗೋ ಹೇಳದಿರುವುದು ಇದಕ್ಕೇ. ಹೆಪಟೈಟಿಸ್ ಬಿಯ ಮಾತು ಬೇರೆ: ಅದು ರಕ್ತದಲ್ಲಿ ಬಹಳ ದಟ್ಟವಾಗಿರುತ್ತದೆ, ಒಣಗಿದ ಮೇಲ್ಮೈಯಲ್ಲೂ ಕನಿಷ್ಠ 7 ದಿನ ಬದುಕುತ್ತದೆ. ಅವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಮಷೀನ್ ಬೇಕೇ ಬೇಕು. ಒಂದೇ ಪಾಳಿಯಲ್ಲಿ ಒಬ್ಬರೇ ನರ್ಸ್ ಅವರನ್ನೂ, ಬಿ ವಿರುದ್ಧ ರಕ್ಷಣೆಯಿಲ್ಲದವರನ್ನೂ ನೋಡಿಕೊಳ್ಳಬಾರದು.

ಸಿ ವಿಷಯದಲ್ಲಿ ದಾರಿ ಕೈಗಳು, ಔಷಧದ ಸೀಸೆಗಳು, ಟ್ರಾಲಿ. ಕೈಗವಸು ಬದಲಿಸುವುದು, ಕೈ ತೊಳೆಯುವುದು ಇವನ್ನು ವೀಕ್ಷಿಸಲು ಪಾಳಿ ಬದಲಾಗುವ ಹೊತ್ತನ್ನೇ ಆರಿಸಿಕೊಂಡೆವು. ಒಬ್ಬರ ಸೂಜಿ ಕೀಳುವ ಹೊತ್ತಿಗೇ ಮುಂದಿನವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ, ತಪ್ಪುಗಳು ಆಗುವುದು ಆಗಲೇ. ಡಯಾಲಿಸಿಸ್ ನಡುವಿನ ಶಾಂತ ಸಮಯದಲ್ಲಿ ವೀಕ್ಷಿಸಿದರೆ ಅಂಕ ಚೆನ್ನಾಗಿ ಬರುತ್ತದೆ, ಅರ್ಥವಿರುವುದಿಲ್ಲ. ಯಾರೋ ನೋಡುತ್ತಿದ್ದಾರೆಂಬ ಎಚ್ಚರ ಇಳಿಯುವವರೆಗಿನ ಮೊದಮೊದಲ ವೀಕ್ಷಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಪಾರಿನ್ ಸಿರಿಂಜನ್ನು ಕುರ್ಚಿಗಳಿಂದ ದೂರದ ಶುಚಿ ಜಾಗದಲ್ಲಿ ತುಂಬಿಸಿ, ಆಯಾ ರೋಗಿಯದನ್ನು ಮಾತ್ರ ಕುರ್ಚಿಗೆ ಒಯ್ಯಬೇಕು. ಒಯ್ದದ್ದು ವಾಪಸ್ ಬರಬಾರದು. ಔಷಧದ ಟ್ರಾಲಿ ಕುರ್ಚಿಯಿಂದ ಕುರ್ಚಿಗೆ ತಿರುಗುವುದನ್ನು ನಿಲ್ಲಿಸಬೇಕು. ಟ್ರಾನ್ಸ್‌ಡ್ಯೂಸರ್ ಪ್ರೊಟೆಕ್ಟರ್‌ಗೆ ರಕ್ತ ತಾಗಿದರೆ ಕೂಡಲೇ ಬದಲಿಸಿ, ಮಷೀನಿನ ಬದಿಗೂ ರಕ್ತ ದಾಟಿದೆಯೇ ಎಂದು ನೋಡಬೇಕು. ದಾಟಿದ್ದರೆ ತಂತ್ರಜ್ಞರು ಬಿಚ್ಚಿ ಶುಚಿಗೊಳಿಸುವವರೆಗೆ ಆ ಮಷೀನ್ ಮುಂದಿನವರಿಗಿಲ್ಲ.

ಮೇಲ್ಮೈ ಒರೆಸಲು ಮನೆಬಳಕೆಯ ಸಾಂದ್ರತೆಯ ಬ್ಲೀಚನ್ನು 1ಕ್ಕೆ 100ರಂತೆ, ಕಣ್ಣಿಗೆ ಕಾಣುವ ರಕ್ತ ಚೆಲ್ಲಿದಲ್ಲಿ 1ಕ್ಕೆ 10ರಂತೆ ಬೆರೆಸಿದ ದ್ರಾವಣ. ಪ್ರತಿದಿನ ಹೊಸದಾಗಿ ಬೆರೆಸಬೇಕು, ನಿಂತ ದ್ರಾವಣದ ಕ್ಲೋರಿನ್ ಶಕ್ತಿ ಕುಗ್ಗುತ್ತದೆ. ರಕ್ತದ ಮೇಲೇ ಬ್ಲೀಚ್ ಸುರಿದರೂ ಅದು ಅಲ್ಲೇ ನಿಷ್ಫಲವಾಗುತ್ತದೆ. ಮೊದಲು ರಕ್ತ ಒರೆಸಿ ತೆಗೆಯಬೇಕು. ಕುರ್ಚಿ ಖಾಲಿಯಾದ ಮೇಲೆಯೇ ಶುಚಿ ಆರಂಭ, ಶುಚಿ ಮುಗಿದ ಮೇಲೆಯೇ ಮುಂದಿನವರ ಸಾಮಗ್ರಿ.

ಇಬ್ಬರಿಗೆ ಒಂದೇ ಜೀನೋಟೈಪ್ (ವೈರಸ್ಸಿನ ಅನುವಂಶಿಕ ಬಗೆ) ಬಂದರೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತೆಂದು ಹೇಳಲಾಗದು. ಆ ಪ್ರದೇಶದಲ್ಲಿ ಅದೇ ಜೀನೋಟೈಪ್ ಹೆಚ್ಚಿದ್ದರೆ ಅದು ಕಾಕತಾಳೀಯ. ವೈರಸ್ಸಿನ ಜೀನ್‌ಗಳಲ್ಲಿ ಎನ್‌ಎಸ್5ಬಿ ಭಾಗವನ್ನೂ, ಬೇಗ ಬದಲಾಗುವ ಇ2ರ ಹೈಪರ್‌ವೇರಿಯಬಲ್ ಭಾಗವನ್ನೂ ಸೀಕ್ವೆನ್ಸ್ ಮಾಡಿ (ಅಕ್ಷರಕ್ರಮ ಓದಿ) ವಂಶವೃಕ್ಷ ಕಟ್ಟಬೇಕು. ಘಟಕಕ್ಕೆ ಸಂಬಂಧವಿಲ್ಲದ ಅದೇ ಪ್ರದೇಶದ ಸೋಂಕಿತರ ಮಾದರಿಗಳೂ ಅದರಲ್ಲಿರಬೇಕು. ಅವಿಲ್ಲದಿದ್ದರೆ ಘಟಕದವರೆಲ್ಲ ಒಂದೇ ಕೊಂಬೆಯವರಂತೆ ಕಾಣಿಸಿಬಿಡುತ್ತಾರೆ. ಸಂಶೋಧನೆಗಾಗಿ ಚಿಕಿತ್ಸೆಯನ್ನು ಒಂದು ದಿನವೂ ತಡೆಯಬಾರದು. ಮೊದಲ ಮಾತ್ರೆಗೆ ಮುನ್ನ ಪ್ಲಾಸ್ಮಾ ಎತ್ತಿಟ್ಟರೆ ಸಾಕು.

ಲೆಕ್ಕ ತಲೆ ಎಣಿಕೆಯದಲ್ಲ, ಅಪಾಯದಲ್ಲಿ ಕಳೆದ ಕಾಲದ್ದು. ಉದಾಹರಣೆಗೆ, ಎಲ್ಲರದೂ ಸೇರಿ 600 ರೋಗಿ-ತಿಂಗಳು, ಅಂದರೆ 50 ರೋಗಿ-ವರ್ಷ, ಅದರಲ್ಲಿ 4 ಹೊಸ ಸೋಂಕು ಎಂದುಕೊಳ್ಳಿ. ದರ 100 ರೋಗಿ-ವರ್ಷಕ್ಕೆ 8. ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸನ್ ವಿಧಾನದಲ್ಲಿ ಅದರ 95% ವಿಶ್ವಾಸ ವ್ಯಾಪ್ತಿ (ನಿಜವಾದ ದರ ಇರಬಹುದಾದ ಎಲ್ಲೆ) 2.2ರಿಂದ 20.5ರವರೆಗೆ. ಇಷ್ಟು ಅಗಲದ ವ್ಯಾಪ್ತಿಯನ್ನು ಬರೆಯದೆ 8 ಎಂದಷ್ಟೇ ಪ್ರಕಟಿಸುವುದು ಓದುಗರಿಗೆ ಮಾಡುವ ಅನ್ಯಾಯ. ಕಸಿಯಾದವರು, ಬೇರೆಡೆ ಹೋದವರು, ತೀರಿಕೊಂಡವರ ಕಾಲವನ್ನು ಕೊನೆಯ ಪರೀಕ್ಷೆಯ ದಿನಕ್ಕೇ ನಿಲ್ಲಿಸಿದೆವು. ಪರೀಕ್ಷೆ ತಪ್ಪಿಸಿಕೊಂಡವರು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾಗಿ, ರಕ್ತವನ್ನೂ ಪಡೆದಿರುವವರು. ಅವರನ್ನು ಕೈಬಿಟ್ಟರೆ ದರ ಸುಳ್ಳೇ ತಗ್ಗುತ್ತದೆ.

ಚಿಕಿತ್ಸೆಯ ಬಗ್ಗೆ ಈಗ ಗೊಂದಲವಿಲ್ಲ. ಕಿಡ್ನಿ ಕೆಟ್ಟವರಲ್ಲಿ ನಡೆದ 2015ರ ಸಿ-ಸರ್ಫರ್ ಅಧ್ಯಯನದಲ್ಲಿ ಗ್ರಾಜೊಪ್ರೆವಿರ್-ಎಲ್ಬಾಸ್ವಿರ್ ಮಾತ್ರೆ 12 ವಾರ ಪಡೆದು ಮುಖ್ಯ ವಿಶ್ಲೇಷಣೆಯಲ್ಲಿದ್ದ 116 ಮಂದಿಯಲ್ಲಿ 115 ಮಂದಿ ಗುಣವಾದರು. 2017ರ ಎಕ್ಸ್‌ಪೆಡಿಷನ್-4ರಲ್ಲಿ ಗ್ಲೆಕಾಪ್ರೆವಿರ್-ಪಿಬ್ರೆಂಟಾಸ್ವಿರ್ ಪಡೆದ 104 ಮಂದಿಯಲ್ಲಿ 102. ಶುರುಮಾಡುವ ಮುನ್ನ ಹೆಪಟೈಟಿಸ್ ಬಿಯ ಸರ್ಫೇಸ್ ಆಂಟಿಜೆನ್ (ಈಗಿರುವ ಸೋಂಕಿನ ಗುರುತು) ಮತ್ತು ಕೋರ್ ಆಂಟಿಬಾಡಿ (ಈಗಿನ ಅಥವಾ ಹಿಂದಿನ ಸೋಂಕಿನ ಗುರುತು) ನೋಡಲೇಬೇಕು. ಸಿ ಅಡಗುತ್ತಿದ್ದಂತೆ ಬಿ ಮತ್ತೆ ಎದ್ದು ಲಿವರ್ ಕೆಡಿಸಬಹುದೆಂದು ಅಮೆರಿಕದ ಎಫ್‌ಡಿಎ 2016ರಲ್ಲಿ ಎಚ್ಚರಿಸಿತು. ಅಮಿಯೊಡರೋನ್, ಸ್ಟಾಟಿನ್, ಫಿಟ್ಸ್ ಮಾತ್ರೆ, ಆಸಿಡಿಟಿ ಮಾತ್ರೆ ಇವುಗಳ ಪಟ್ಟಿಯನ್ನು ಔಷಧತಜ್ಞರ ಜೊತೆ ಕುಳಿತು ಪರಿಶೀಲಿಸಿದೆವು. ಔಷಧ ಮುಗಿದ 12 ವಾರಕ್ಕೆ ಆರ್‌ಎನ್‌ಎ ಇಲ್ಲದಿದ್ದರೆ ಗುಣವಾದಂತೆ. ಆಂಟಿಬಾಡಿ ಉಳಿದೇ ಇರುತ್ತದೆ, ಆಮೇಲಿನ ನಿಗಾ ಆರ್‌ಎನ್‌ಎಯಿಂದಲೇ. ಲಿವರ್‌ನ ಬಿಗಿತ ಅಳೆಯುವ ಸ್ಕ್ಯಾನನ್ನು ಡಯಾಲಿಸಿಸ್ ಆದ ಮೇಲೆ, ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ಮೈಯಲ್ಲಿ ನೀರು ತುಂಬಿದ್ದಾಗ ಬಿಗಿತ ಹೆಚ್ಚಾಗಿ ತೋರುತ್ತದೆ.

ಹೆಪಟೈಟಿಸ್ ಬಿ ಲಸಿಕೆಯ ಸಂಗತಿಯೊಂದು: ಲಸಿಕೆ ಹಾಕಿದ ಮೇಲೆ ಸಾಮಾನ್ಯವಾಗಿ 18 ದಿನಗಳ ತನಕ, ಡಯಾಲಿಸಿಸ್ ರೋಗಿಗಳಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಸರ್ಫೇಸ್ ಆಂಟಿಜೆನ್ ಸುಳ್ಳು ಪಾಸಿಟಿವ್ ಬರಬಹುದು. ಲಸಿಕೆಯ ದಿನಾಂಕವೂ ದಾಖಲೆಯಲ್ಲಿರಲಿ.

ಒಪ್ಪಿಗೆ ಪಡೆಯುವ ಕೆಲಸವನ್ನು ಚಿಕಿತ್ಸೆ ಕೊಡುವ ವೈದ್ಯರಿಗೆ ಕೊಡಬೇಡಿ. ಜೀವವೇ ಆ ಕುರ್ಚಿಯನ್ನು ನೆಚ್ಚಿಕೊಂಡಿರುವಾಗ ಅವರೆದುರು 'ಬೇಡ' ಎನ್ನುವುದು ಕಷ್ಟ. ಹೊಸ ಸೋಂಕು ಖಚಿತವಾದರೆ ಮೊದಲು ರೋಗಿಗೆ, ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಹೇಳಬೇಕು. ನಂತರ ಸಾರ್ವಜನಿಕ ಆರೋಗ್ಯ ಅಧಿಕಾರಿಗೆ ವರದಿ, ಘಟಕದ ಉಳಿದೆಲ್ಲರಿಗೂ ಮರುಪರೀಕ್ಷೆ, ಅದು ಯಾಕೆಂಬ ವಿವರಣೆ. ಕುರ್ಚಿಗೆ, ಕಡತಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ಚೀಟಿ ಅಂಟಿಸಬಾರದು. ಅಕ್ಕಪಕ್ಕದವರು ಅದನ್ನು ಆ ದಿನವೇ ಓದಿಕೊಳ್ಳುತ್ತಾರೆ.