ಗಣಿತ ಕ್ಲಾಸಲ್ಲಿ ಗಲಾಟೆನಾ? ಬೋರ್ಡ್ ಮೇಲೆ ತಪ್ಪು ಲೆಕ್ಕ ಬರೆಯಿರಿ

ಗಣಿತದ ಪಿರಿಯಡ್‌ನಲ್ಲಿ ಗಲಾಟೆ ಶುರುವಾಗೋದು ಹೆಚ್ಚಾಗಿ ಮೊದಲ ಐದು ನಿಮಿಷದಲ್ಲೇ. ನಾವು ಹಾಜರಿ ತೆಗೆಯುತ್ತಿರುತ್ತೇವೆ, ಮಕ್ಕಳಿಗೆ ಕೆಲಸ ಇರುವುದಿಲ್ಲ. ಅದಕ್ಕೆ ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಬೋರ್ಡ್ ಮೇಲೆ ಬಿಡಿಸಿದ ಒಂದು ಲೆಕ್ಕ ಬರೆಯುತ್ತೇನೆ. ಬೇಕಂತಲೇ ತಪ್ಪಾಗಿ.

ಉದಾಹರಣೆಗೆ, 1/2 + 1/3 = 2/5. "ಇದು ತಪ್ಪು. ಯಾಕೆ ಅಂತ ಪಕ್ಕದವರ ಜೊತೆ ಮಾತಾಡಿ, ಕಾರಣ ಬರೆಯಿರಿ." ಇಷ್ಟೇ ಹೇಳುವುದು. ಮಾತಾಡುವ ಮಕ್ಕಳಿಗೆ ಮಾತಾಡೋದೇ ಕೆಲಸ ಆಯ್ತು, ಅಲ್ವಾ? ಯಾರಾದರೂ 5/6 ಅಂತ ಕೂಗಿದರೆ ಅಲ್ಲಿಗೇ ನಿಲ್ಲಿಸಬೇಡಿ. 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅದು ಕಡಿಮೆ ಆಗೋದು ಹೇಗೆ ಅಂತ ಕೇಳಿ. ಛೇದ ಸಮ ಮಾಡುವ ನಿಯಮ ಮರೆತವರೂ ಇದಕ್ಕೆ ಉತ್ತರ ಕೊಡಬಲ್ಲರು. ಹಿಂದಿನ ಬೆಂಚಿನವರು ಬಾಯಿ ಬಿಡೋದು ಇಲ್ಲೇ. ಆದರೆ ಯಾವ ಮಗುವಿನ ತಪ್ಪನ್ನೂ ಹೆಸರು ಹೇಳಿ ಬೋರ್ಡಿಗೆ ತರಬೇಡಿ.

ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಮೊದಲು ಕರೆದರೆ ಉಳಿದವರೆಲ್ಲ ನಿರಾಳ! ನಡುವೆ ಸುಮ್ನೆ ಕಾಯಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಅಂತ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಆ ಮೌನ ಮೊದಮೊದಲು ನಮಗೇ ಜಾಸ್ತಿ ಕಷ್ಟ.

ದೊಡ್ಡ ತರಗತಿಗಾದರೆ (a + b)² = a² + b² ಬರೆಯಿರಿ. a, b ಎರಡಕ್ಕೂ 1 ಹಾಕಿ ನೋಡಿ ಅನ್ನಿ. ಒಂದು ಕಡೆ 4, ಇನ್ನೊಂದು ಕಡೆ 2 ಬರುತ್ತದೆ. ಆಮೇಲೆ ಜಗಳ ಅವರೇ ಶುರು ಮಾಡುತ್ತಾರೆ.