ಎರಡು ಆಟಿ ದಾಟಿದ ಠೇವಣಿ: ನಮ್ಮ ದುರಸ್ತಿ ಗುತ್ತಿಗೆದಾರರ ಸಂಘ ನಿಂತ ಬಗೆ

ಮಂಗಳೂರಿನ ನಮ್ಮ ಕಟ್ಟಡ ದುರಸ್ತಿ ಗುತ್ತಿಗೆದಾರರ ಸಂಘ ನಿಂತಿರುವುದು ಒಂದೇ ನಿಯಮದ ಮೇಲೆ. ಸದಸ್ಯನೊಬ್ಬ ಮಾಡಿದ ತಾರಸಿ ಮತ್ತೆ ಸೋರಿ, ಅವನು ಹೋಗಿ ನೋಡದಿದ್ದರೆ, ಸಂಘ ಇನ್ನೊಬ್ಬ ಸದಸ್ಯನನ್ನು ಕಳುಹಿಸುತ್ತದೆ. ಕೂಲಿ, ಸಾಮಾನು ಎರಡೂ ಮೊದಲನೆಯವನು ಇಟ್ಟ ಠೇವಣಿಯಿಂದ ಹೋಗುತ್ತವೆ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದಾಗ ನಕ್ಕವರೇ ಹೆಚ್ಚು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಗುತ್ತಿಗೆದಾರರೊಬ್ಬರು, "ನನ್ನ ಸೋರಿಕೆಯನ್ನು ನನ್ನ ಎದುರಾಳಿ ಬಂದು ನೋಡುವುದೇ? ನಾಳೆ ಊರಿಡೀ ಹೇಳಿಕೊಂಡು ತಿರುಗುತ್ತಾನೆ ಮಾರಾಯರೇ" ಎಂದರು. ಈಗ ಅವರೇ ನಮ್ಮ ಖಜಾಂಚಿ. ಉಡುಪಿ, ಮಣಿಪಾಲದ ಕಡೆಯಿಂದಲೂ ಕೇಳುವವರು ಹೆಚ್ಚಾದ್ದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ನಮ್ಮ ಕಸುಬಿಗೆ ಕೆಲಸದ ಬರವಿಲ್ಲ. ಬರ ಇದ್ದದ್ದು ನಂಬಿಕೆಗೆ. ಅಪಾರ್ಟ್‌ಮೆಂಟ್ ಕಮಿಟಿಯವರು ಮೂರು ಕೊಟೇಶನ್ ತರಿಸಿ ಕಡಿಮೆಯದಕ್ಕೆ ಕೊಡುತ್ತಿದ್ದರು. ಅದು ಜುಲೈನಲ್ಲಿ ಸೋರುತ್ತಿತ್ತು, ಅಷ್ಟರಲ್ಲಿ ಗುತ್ತಿಗೆದಾರನ ಮೊಬೈಲ್ ಸ್ವಿಚ್ ಆಫ್ ಆಗಿರುತ್ತಿತ್ತು. ಹತ್ತು ವರ್ಷದ ಗ್ಯಾರಂಟಿ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಕಾಗದಕ್ಕೆ ಕಾಸಿನ ಬೆಲೆ ಇರಲಿಲ್ಲ. ಶ್ರದ್ಧೆಯಿಂದ ಕೆಲಸ ಮಾಡುವವನಿಗೂ ಅದೇ ಹೆಸರು ಅಂಟುತ್ತಿತ್ತು.

ಸಂಘ ಕಟ್ಟುವುದೇನೂ ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಕಷ್ಟ ಶುರುವಾಗುವುದು ಎರಡನೆಯ ವರ್ಷ, ಐದು ಸಾವಿರ ಸದಸ್ಯತ್ವ ಶುಲ್ಕ ಕೊಟ್ಟವನು "ಇದರಿಂದ ನನಗೇನು ಸಿಕ್ಕಿತು?" ಎಂದು ಕೇಳುವಾಗ. ಮೊದಲ ಸಲ ಸೇರಿದಾಗ ನಾವು ಮಾಡಿದ್ದೆಲ್ಲ ಎಲ್ಲ ಸಂಘಗಳೂ ಮಾಡುವಂಥದ್ದೇ. ಹೋಟೆಲಿನಲ್ಲಿ ಸಭೆ, ಊಟ, ರಾಸಾಯನಿಕ ಕಂಪನಿಯವರಿಂದ ತರಬೇತಿ. ತರಬೇತಿ ಎಂದರೆ ಅವರ ಡಬ್ಬಿಗಳ ಪ್ರಚಾರ. ಸುಮಾರು ಒಂದೂವರೆ ಲಕ್ಷ ಖರ್ಚಾಗಿ ಆ ಸಂಘ ಮಲಗಿತು.

ಮರುವರ್ಷ ಕೆಲವರು ದರಪಟ್ಟಿಯ ಯೋಚನೆ ತಂದರು: ಚದರ ಅಡಿಗೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾಡಬಾರದು. ಇದಕ್ಕೆ ನಾನು ಮೊದಲಿನಿಂದಲೂ ವಿರೋಧಿ. ನಮ್ಮ ಲೆಕ್ಕಪರಿಶೋಧಕರೂ ಅದನ್ನೇ ಹೇಳಿದರು: 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪೈಪೋಟಿದಾರರು ಕೂಡಿ ದರ ಕಟ್ಟುವಂತಿಲ್ಲ, ಸಂಘದ ಹೆಸರಿನಲ್ಲಿ ಮಾಡಿದರೂ ತಪ್ಪು ತಪ್ಪೇ. ಕಾನೂನು ಹಾಗಿರಲಿ, ಪಟ್ಟಿಯ ಮಾತು ಬಂದ ವಾರದಲ್ಲೇ ಅದನ್ನು ತಂದವರೇ ಕಂಕನಾಡಿಯಲ್ಲಿ ಕಡಿಮೆ ದರಕ್ಕೆ ಕೆಲಸ ಹಿಡಿದರು. ದರ ಅವರವರಿಗೆ ಬಿಟ್ಟದ್ದು. ಸಂಘ ನೋಡಬೇಕಾದ್ದು ಕೆಲಸದ ಹೊಣೆಯನ್ನು ಎಂದು ನಾನು ಹಟ ಹಿಡಿದದ್ದು ಆಗ.

ಠೇವಣಿ ಹೀಗೆ ನಡೆಯುತ್ತದೆ. ಸಂಘದ ಮೊಹರು ಬೇಕೆನ್ನುವ ಪ್ರತಿಯೊಂದು ಕೆಲಸದ ಬಿಲ್ಲಿನಿಂದ ಒಂದು ಪಾಲು ಜಂಟಿ ಖಾತೆಗೆ ಹೋಗುತ್ತದೆ. ತಾರಸಿಗೆ ಒಂದು ದರ, ಬಾತ್‌ರೂಮಿಗೆ ಒಂದು, ಕಂಬ ತೊಲೆಗಳ ತುಕ್ಕು ರಿಪೇರಿಗೆ ಇನ್ನೊಂದು. ಐದರಿಂದ ಹತ್ತು ಶೇಕಡದ ಒಳಗೆ ಎಂದಷ್ಟೇ ಹೇಳುತ್ತೇನೆ. ಪಟ್ಟಿ ಮಾಡಲು ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಒಂದು ಬೇಸಿಗೆ ಇಡೀ ಕುಳಿತಿದ್ದೇವೆ, ಅದು ನಮ್ಮೊಳಗೇ ಇರಲಿ. ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆಯೊಳಗೆ ಮುಗಿದ ಕೆಲಸವನ್ನು ಆ ವರ್ಷದ ಆಟಿ ತಿಂಗಳಲ್ಲಿ (ತುಳು ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ಧಾರಾಕಾರ ಮಳೆಯ ನಡುವೆ, ಬೇರೊಬ್ಬ ಸದಸ್ಯ ಹೋಗಿ ನೋಡುತ್ತಾನೆ. ಮರುವರ್ಷದ ಆಟಿಯಲ್ಲಿ ಇನ್ನೊಮ್ಮೆ. ಎರಡು ಆಟಿ ದಾಟಿದರೆ ಠೇವಣಿ ಬಡ್ಡಿಸಮೇತ ವಾಪಸು. ಯಾರು ಯಾರ ಕೆಲಸವನ್ನು ನೋಡಬೇಕೆಂದು ಗೊತ್ತುಮಾಡುವುದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಒಳಒಪ್ಪಂದ ನಡೆಯದಂತೆ ಮಾಡಿದ್ದು. ಅದನ್ನೂ ಬರೆಯುವುದಿಲ್ಲ.

ಪರೀಕ್ಷೆ ಬಂದದ್ದು ಎರಡನೆಯ ಮಳೆಗಾಲದಲ್ಲಿ, ಬಿಜೈ ಕಡೆಯ ಐದಂತಸ್ತಿನ ಕಟ್ಟಡದಲ್ಲಿ. ಕೆಲಸ ಮಾಡಿದ್ದ ಸದಸ್ಯ ಗಲ್ಫಿಗೆ ಹೋಗಿಯಾಗಿತ್ತು. ಮೇಲಿನ ಫ್ಲಾಟಿನ ಹಾಲ್‌ನಲ್ಲಿ ಬಕೆಟ್ ಇಟ್ಟಿದ್ದರು, ಕಮಿಟಿಯ ಅಧ್ಯಕ್ಷರು ಕೆಂಡವಾಗಿದ್ದರು. ನಾವು ಕಳುಹಿಸಿದ ಹುಡುಗ ತಾರಸಿಯ ಮೇಲಿನ ಮೆಂಬ್ರೇನ್ (ನೀರು ತಡೆಯುವ ಪದರ) ಕಿತ್ತು ನೋಡಲು ಹೋಗಲಿಲ್ಲ. ಮಳೆ ಬಿಟ್ಟ ಒಂದು ಮಧ್ಯಾಹ್ನ ತಾರಸಿಯ ಒಂದೊಂದೇ ಭಾಗಕ್ಕೆ ಒದ್ದೆ ಚೀಲದ ಕಟ್ಟೆ ಕಟ್ಟಿ, ಬಣ್ಣ ಕಲಸಿದ ನೀರು ನಿಲ್ಲಿಸಿದ. ಮೂರು ಭಾಗಗಳಲ್ಲಿ ಏನೂ ಇಲ್ಲ. ಮಳೆನೀರಿನ ಪೈಪ್ ಸ್ಲ್ಯಾಬ್ ದಾಟುವ ಮೂಲೆಯಲ್ಲಿ ನೀರು ನಿಲ್ಲಿಸಿದ ಮೇಲೆ, ಕೆಳಗೆ ಬಕೆಟ್ಟಿಗೆ ಕೆಂಪು ಹನಿ ಬಿತ್ತು. ಪೈಪಿನ ಸುತ್ತ ಹಾಕಿದ್ದ ಗಾರೆ ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಒಡೆದು, ಸುತ್ತ ಕೊರೆದು, ಒಣಗುವಾಗ ಕುಗ್ಗದ ಗ್ರೌಟ್ (ತೆಳು ಗಾರೆ) ತುಂಬಿ, ಮೇಲೆ ಮೆಂಬ್ರೇನನ್ನು ಪೈಪಿನೊಳಕ್ಕೆ ಇಳಿಸಿದ್ದಕ್ಕೆ ಮೂವತ್ತೆಂಟು ಸಾವಿರದ ಹತ್ತಿರ ಆಯಿತು. ಕಮಿಟಿಯಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅದೇ ಅಧ್ಯಕ್ಷರು ನಂತರ ತಮ್ಮ ಪರಿಚಯದ ನಾಲ್ಕೈದು ಕಮಿಟಿಗಳಿಗೆ ನಮ್ಮ ಹೆಸರು ಹೇಳಿದರು. ಆ ವರ್ಷ ಬಂದಷ್ಟು ಕೆಲಸ ಜಾಹೀರಾತಿಗೆ ಎರಡು ಲಕ್ಷ ಸುರಿದಿದ್ದರೂ ಬರುತ್ತಿರಲಿಲ್ಲ.

ಎರಡನೆಯ ಬಲ ನಮ್ಮ ಗೋಡೆಚೀಟಿ. ಎರಡು ಪುಟದ ಒಂದು ಹಾಳೆ, ಕೊಟೇಶನ್ನಿಗೆ ಮೊದಲು ತುಂಬಲೇಬೇಕು. ಅದರ ಮೊದಲ ಪ್ರಶ್ನೆ, ಮನೆ ಸ್ವಾಧೀನಕ್ಕೆ ಬಂದದ್ದು ಯಾವಾಗ? ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನದಿಂದ ಐದು ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ತಿಳಿಸಿದರೆ, ಬಿಲ್ಡರ್ ಮೂವತ್ತು ದಿನದೊಳಗೆ, ಮನೆಯವರಿಗೆ ಖರ್ಚಿಲ್ಲದೆ ಸರಿಪಡಿಸಬೇಕು. ಅಂಥ ಕಟ್ಟಡದವರಿಗೆ ನಾವು, "ಮೊದಲು ಬಿಲ್ಡರಿಗೆ ಬರೆಯಿರಿ" ಎಂದು ಹೇಳಿ ಬರುತ್ತೇವೆ. ಕೈಗೆ ಬಂದ ಕೆಲಸ ಬಿಡುವುದು ಕೆಲವರಿಗೆ ನುಂಗಲಾರದ ತುತ್ತಾಗಿತ್ತು. ಆದರೆ ಆರನೆಯ ವರ್ಷ ಅವರು ಕರೆಯುವುದು ನಮ್ಮನ್ನೇ.

ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಒಂದು ರಾತ್ರಿ ಬೇಕು. ಒದ್ದೆ ಗೋಡೆಯ ಮೇಲೆ ಒಂದಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಟ್ಟು ಬರುವುದು. ಬೆಳಿಗ್ಗೆ ಹನಿ ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯಿಂದ, ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯಿಂದ. ಎಲ್ಲರಿಗೂ ಗೊತ್ತಿರುವ ಉಪಾಯವೇ, ಆದರೆ ಎಷ್ಟು ಜನ ಮಾಡುತ್ತಾರೆ? ಎ.ಸಿ. ಕೋಣೆಯ ಗೋಡೆಗೆ ಬೂಸ್ಟು ಬಂದದ್ದನ್ನು ಸೋರಿಕೆ ಎಂದು ಎಂಬತ್ತು ಸಾವಿರದ ಗ್ರೌಟಿಂಗ್ ಮಾಡಿಸಿದ ಮನೆಗಳನ್ನು ಕಂಡಿದ್ದೇನೆ.

ಜಂಟಿ ಯಂತ್ರಗಳ ವಿಷಯ ಚಿಕ್ಕದು. ಕಾಂಕ್ರೀಟಿನೊಳಗೆ ಕಬ್ಬಿಣ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತೋರಿಸುವ ಯಂತ್ರ, ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಬಿರುಕಿಗೆ ಗ್ರೌಟ್ ತುಂಬುವ ಇಂಜೆಕ್ಷನ್ ಪಂಪು, ಎಲ್ಲ ಸೇರಿ ಮೂರು ಲಕ್ಷದೊಳಗೆ ಬಂತು. ದಿನಬಾಡಿಗೆ ಇಟ್ಟಿದ್ದರಿಂದ ಎರಡು ವರ್ಷದಲ್ಲಿ ಹಾಕಿದ ಹಣ ವಾಪಸು ಬಂತು. ಪಣಂಬೂರು, ಸುರತ್ಕಲ್ ಕಡೆಯ ಉಪ್ಪುಗಾಳಿಗೆ ಸಿಕ್ಕ ಬಾಲ್ಕನಿಗಳಲ್ಲಿ ಇವಿಲ್ಲದೆ ಯಾರೂ ದರ ಹೇಳಕೂಡದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ನೀರು, ಬೆಂಕಿಯಿಂದ ಹಾಳಾದ ಕಟ್ಟಡಗಳನ್ನು ಸರಿಪಡಿಸುವವರಿಗೇ ಪ್ರತ್ಯೇಕ ಸಂಸ್ಥೆಗಳಿವೆ. ಅಂಥದ್ದೊಂದಾದ ಐಐಸಿಆರ್‌ಸಿಯ ಎಸ್500 ಮಾನದಂಡ ನೀರನ್ನು ಮೂರು ವರ್ಗ ಮಾಡುತ್ತದೆ: ಶುದ್ಧ ನೀರು, ಬಳಕೆಯ ಕೊಳಕು ನೀರು, ಚರಂಡಿ ಅಥವಾ ನೆರೆಯ ನೀರು. ಅದನ್ನು ಓದಿದ ಹುಮ್ಮಸ್ಸಿನಲ್ಲಿ ಕೊಟ್ಟಾರ ಚೌಕಿ ಹತ್ತಿರ ನೆರೆ ನುಗ್ಗಿದ ಒಂದು ಕ್ಲಿನಿಕ್ಕಿನಲ್ಲಿ ಪ್ರಯೋಗ ಮಾಡಿದೆವು. ನೆನೆದ ಜಿಪ್ಸಂ, ಪ್ಲೈವುಡ್ ಎಲ್ಲ ಕಿತ್ತೆಸೆದು, ಕಿಟಕಿ ಬಾಗಿಲು ಮುಚ್ಚಿ, ತೇವ ಹೀರುವ ಯಂತ್ರ ಇಟ್ಟೆವು. ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಹೊರಗಿನ ತೇವವೇ ಒಳಗೆ ಬರುತ್ತದೆ ಎಂಬುದು ಮನೆಯವರಿಗೆ ಒಪ್ಪಿಗೆಯಾಗುವುದು ಕಷ್ಟ. ಪಕ್ಕದ ಅಂಗಡಿ ಫ್ಯಾನು ಹಾಕಿಕೊಂಡು ಎರಡು ವಾರ ಕಳೆದರೂ ಒಣಗಲಿಲ್ಲ, ಕ್ಲಿನಿಕ್ ಐದಾರು ದಿನದಲ್ಲಿ ಒಣಗಿತು. ಆದರೆ ಕರೆಂಟ್ ಹೋಗಿ ಹೋಗಿ, ಜನರೇಟರ್ ಬಾಡಿಗೆಗೇ ಹದಿನೈದು ಸಾವಿರ ಹೋಗಿ, ಲಾಭ ಉಳಿಯಲಿಲ್ಲ. ವಿಧಾನ ಸರಿ ಇದೆ, ನಮ್ಮಲ್ಲಿ ಅದಕ್ಕೆ ಹಣ ಕೊಡುವ ಅಭ್ಯಾಸ ಇನ್ನೂ ಬರಬೇಕು.

ಹಳೆಯ ಹಂಚಿನ ಮನೆಗಳ ಕೆಲಸಕ್ಕಾಗಿ ಇನ್ನೊಂದು ಹುಚ್ಚು ಸಾಹಸಕ್ಕೂ ಕೈಹಾಕಿದ್ದೇವೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಉದ್ಯಮದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ ಬಂದಿವೆ, ಒಂದರ ಹಂಚು ಇನ್ನೊಂದರ ಹಂಚಿನ ಜೊತೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮನೆ ಕೆಡಹುವಲ್ಲಿಂದ ಹಂಚುಗಳನ್ನು ಕೊಂಡು, ಬೆನ್ನಿನ ಮುದ್ರೆ ನೋಡಿ ಬೇರೆ ಬೇರೆ ಅಟ್ಟಿ ಪೇರಿಸುತ್ತೇವೆ. ಬಡಿದು ನೋಡಿ ಗಣಗಣ ಎಂದದ್ದು ಮಾತ್ರ ಒಳಗೆ. ಷೆಡ್ಡಿನ ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರ, ಸದ್ಯ ನಷ್ಟವೇ. ಆದರೂ ಮಣ್ಣಗುಡ್ಡೆಯ ಒಂದು ಮನೆಗೆ ಪಕ್ಕಾಸು, ರೀಪು (ಹಂಚು ಹೊರುವ ಮರದ ತೊಲೆ, ಪಟ್ಟಿ) ಬದಲಿಸಿದ ಮೇಲೆ ಕಡಿಮೆಬಿದ್ದ ಇನ್ನೂರು ಚಿಲ್ಲರೆ ಹಂಚುಗಳನ್ನು ಅದೇ ಮುದ್ರೆಯಲ್ಲಿ ಕೊಟ್ಟೆವು. ಅಲ್ಲಿ ಕೆಂಪುಕಲ್ಲಿನ ಗೋಡೆಗೆ ಹಿಂದಿನವರು ಹಾಕಿದ್ದ ಸಿಮೆಂಟ್ ಸಾರಣೆ ಉಪ್ಪನ್ನು ಒಳಗೇ ಕಟ್ಟಿಹಾಕಿ ಹೊಪ್ಪಳಿಕೆ ಏಳಿಸಿತ್ತು. ತೆಗೆದು ಸುಣ್ಣದ ಗಾರೆ ಹಾಕಿದೆವು. ಚಿತ್ತಾರದ ಗೋಡೆಗಳಿಗೆ ಮಾತ್ರ ಸಂಘದ ಮೊಹರು ಸಿಗುವುದಿಲ್ಲ. ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಮೊಸ್ಕೆನಿ ಬರೆದ ಗೋಡೆಚಿತ್ರಗಳಂಥವುಗಳಿಗೆ, ಪರಂಪರೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರಂಥ ತಜ್ಞರೇ ಬೇಕು.

ಈಗ ಸದಸ್ಯರು ಇಪ್ಪತ್ತರ ಆಸುಪಾಸು, ಖಾತೆಯಲ್ಲಿ ಹನ್ನೊಂದು ಹನ್ನೆರಡು ಲಕ್ಷ. ಇದುವರೆಗೆ ಠೇವಣಿಯಿಂದ ಖರ್ಚಾದದ್ದು ಎರಡು ಲಕ್ಷ ದಾಟಿಲ್ಲ. ಇಬ್ಬರನ್ನು ಹೊರಗೆ ಹಾಕಿದ್ದೇವೆ, ಗೋಡೆಚೀಟಿಯನ್ನು ಸ್ಥಳಕ್ಕೆ ಹೋಗದೆ ತುಂಬಿದ್ದಕ್ಕೆ. ಉಡುಪಿಯ ಗೆಳೆಯರಿಗೆ ಗೋಡೆಚೀಟಿಯನ್ನು ಹಾಗೇ ಕೊಡುತ್ತೇವೆ, ಯಂತ್ರಗಳನ್ನೂ ಬಾಡಿಗೆಗೆ ಕಳುಹಿಸುತ್ತೇವೆ. ಠೇವಣಿಯ ಪಟ್ಟಿ ಬೇಕಾದರೆ ಅವರು ತಮ್ಮ ಐದು ವರ್ಷದ ಬಿಲ್ಲುಗಳನ್ನು ಹಿಡಿದು ಬಂದು ನಮ್ಮ ಜೊತೆ ಕೂರಬೇಕು. ದೀಪಾವಳಿ ಕಳೆದು ತಾರಸಿ ಒಣಗುವಷ್ಟರಲ್ಲಿ ಬಂದರೆ ಮುಂದಿನ ಪತ್ತನಾಜೆಯೊಳಗೆ ಮೊದಲ ಕೆಲಸಗಳಿಗೆ ಮೊಹರು ಹಾಕಬಹುದು.