ರೇಡಿಯೋದಲ್ಲಿ ಪರಿಚಯದ ಸ್ಪ್ಯಾನಿಷ್ ದನಿ ಕಾಣೆಯಾದರೆ ಹುಡುಕುವುದು ಹೇಗೆ

ಅಮೆರಿಕದ ಸ್ಯಾನ್ ಹೊಸೆಯಲ್ಲಿ ನಾನು ಕೆಲಸ ಮಾಡುವ ಅಡುಗೆಮನೆಯ ಫ್ರಿಜ್ ಮೇಲೆ ಒಂದು ಹಳೇ ರೇಡಿಯೋ ಇದೆ. ಅದರ ಗುಂಡಿಗೆ ಯಾವಾಗಲೂ ಜೋಳದ ಹಿಟ್ಟು ಮೆತ್ತಿರುತ್ತದೆ. ಮೆಕ್ಸಿಕೋದ ಒಹಾಕಾದಿಂದ ಬಂದ ಸೆನ್ಯೋರಾ (ಸ್ಪ್ಯಾನಿಷ್‌ನಲ್ಲಿ 'ಅಮ್ಮಾವ್ರು' ಅಂದ ಹಾಗೆ) ಅದನ್ನು ಹಾಕಿದ ಮೇಲೆಯೇ ಒಲೆ ಹಚ್ಚುವುದು. ಒಂದು ಸೋಮವಾರ ಅವರ ಮೆಚ್ಚಿನ ನಿರೂಪಕನ ದನಿ ಇಲ್ಲ, ಬರೀ ಹಾಡು. ರೇಡಿಯೋ ಕೆಟ್ಟಿದೆ ಅಂತ ಅರ್ಧ ಗಂಟೆ ಗುಂಡಿ ತಿರುಗಿಸಿ, ಕೊನೆಗೆ ಸುಮ್ನೆ ಕೂತುಬಿಟ್ಟರು. ಆಮೇಲೆ ನಾವಿಬ್ಬರೂ ಹುಡುಕಿದ ದಾರಿ ಇದು. ಸ್ಪ್ಯಾನಿಷ್ ಮಾತಾಡುವವರ ಜೊತೆ ದುಡಿಯುವ ನಮ್ಮವರಿಗೂ ಬೇಕಾಗಬಹುದು.

ಎ.ಎಂ. (ನಮ್ಮೂರಲ್ಲಿ ಮೀಡಿಯಂ ವೇವ್ ಅನ್ನುವುದು) ಸ್ಟೇಷನ್ ಆದರೆ ಮೊದಲು ನಡು ಹಗಲಲ್ಲಿ ಕೇಳಿ ನೋಡಿ. ಕತ್ತಲಾದ ಮೇಲೆ ಎ.ಎಂ. ಅಲೆಗಳು ಬಹಳ ದೂರ ಹೋಗುತ್ತವೆ. ಒಂದರ ಮೇಲೊಂದು ಬೀಳದಿರಲಿ ಅಂತ ಎಷ್ಟೋ ಸ್ಟೇಷನ್‌ಗಳು ರಾತ್ರಿ ಶಕ್ತಿ ತಗ್ಗಿಸಲೇಬೇಕು. ದನಿ ಹೋಗಿರುವುದಿಲ್ಲ, ನಿಮ್ಮ ಮನೆವರೆಗೆ ಬರುತ್ತಿರುವುದಿಲ್ಲ, ಅಷ್ಟೆ.

ಹಗಲಲ್ಲೂ ಇಲ್ಲವಾ? ಹಾಗಾದರೆ ಗಂಟೆ ಹೊಡೆಯುವ ಹೊತ್ತಿಗೆ ಪೆನ್ನು ಹಿಡಿದು ಕೂರಿ. ಸ್ಟೇಷನ್‌ನ ನಂಬರ್ ಬೇರೆ, ಕರೆಯುವ ಹೆಸರು ಬೇರೆ, ಸರ್ಕಾರ ಕೊಟ್ಟ ಅಕ್ಷರಗಳು ಬೇರೆ. ಹೆಸರನ್ನು ಮಾಲೀಕರು ಬೇಕೆಂದಾಗ ಬದಲಿಸುತ್ತಾರೆ. ಅಕ್ಷರಗಳನ್ನೂ ಊರಿನ ಹೆಸರನ್ನೂ ಮಾತ್ರ ಗಂಟೆಗೊಮ್ಮೆ ಹೇಳಲೇಬೇಕು, ಅದು ಕಾನೂನು. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾಮಾನ್ಯವಾಗಿ 'ಕೆ'ಯಿಂದ, ಪೂರ್ವಕ್ಕೆ 'ಡಬ್ಲ್ಯೂ'ನಿಂದ ಶುರು. ತುಂಬಾ ಬೇಗ ಹೇಳಿಬಿಡುತ್ತಾರೆ, ನಮಗೆ ಮೂರು ಗಂಟೆ ಬೇಕಾಯಿತು.

ಆ ಅಕ್ಷರಗಳನ್ನು ಎಫ್‌ಸಿಸಿ (ರೇಡಿಯೋಗಳಿಗೆ ಲೈಸೆನ್ಸ್ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ) ವೆಬ್‌ಸೈಟ್‌ನ ಸಾರ್ವಜನಿಕ ಕಡತದಲ್ಲಿ ಹಾಕಿ ನೋಡಿ. ದುಡ್ಡು ಕೊಡಬೇಕಿಲ್ಲ. ಲೈಸೆನ್ಸ್ ಯಾರ ಹೆಸರಲ್ಲಿದೆ, ಮಾರಾಟಕ್ಕೆ ಅರ್ಜಿ ಬಿದ್ದಿದೆಯಾ, ಎಲ್ಲ ಅಲ್ಲಿರುತ್ತದೆ. ಮಾರಾಟ ಅಪರೂಪವೇನಲ್ಲ. 2022ರಲ್ಲಿ ಟೆಲಿವಿಸಾಯುನಿವಿಷನ್ ಎಂಬ ಸ್ಪ್ಯಾನಿಷ್ ಮಾಧ್ಯಮ ಕಂಪನಿ ತನ್ನ 18 ಸ್ಟೇಷನ್‌ಗಳನ್ನು 6 ಕೋಟಿ ಡಾಲರ್‌ಗೆ ಲ್ಯಾಟಿನೋ ಮೀಡಿಯಾ ನೆಟ್‌ವರ್ಕ್‌ಗೆ ಮಾರಲು ಒಪ್ಪಿತು. ಮಯಾಮಿಯ ಸ್ಪ್ಯಾನಿಷ್ ಸ್ಟೇಷನ್ ರೇಡಿಯೋ ಮಾಂಬಿಯೂ ಅದರಲ್ಲಿತ್ತು. ಅರ್ಜಿಯ ಪ್ರಕಟಣೆ ಬಂದ 30 ದಿನದೊಳಗೆ ವಿರೋಧ ಸಲ್ಲಿಸಬಹುದು. ಆದರೆ ಯಾವ ಭಾಷೆ, ಯಾವ ಹಾಡು ಅನ್ನುವುದರಲ್ಲಿ ಎಫ್‌ಸಿಸಿ ಕೈಹಾಕುವುದಿಲ್ಲ. ಆ ದೂರನ್ನು ನೇರ ಮಾಲೀಕರಿಗೇ ಬರೆಯಿರಿ.

ನಮ್ಮೂರಿನ 1170 ಎ.ಎಂ. ಒಂದು ಕಾಲದಲ್ಲಿ ಸ್ಪ್ಯಾನಿಷ್ ಮಾತಾಡುತ್ತಿತ್ತು. ಆಮೇಲೆ ಅಲ್ಲಿ ಹಿಂದಿ ಹಾಡು ಬಂತು. ನಾನು ಖುಷಿಯಿಂದ ಕೇಳುತ್ತಿದ್ದ ಜಾಗದಲ್ಲಿ ಮೊದಲು ಇನ್ಯಾರದೋ ಬೆಳಗು ಇತ್ತು ಅಂತ ತಿಳಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಇವು ಬರೀ ಹಾಡಿನ ಪೆಟ್ಟಿಗೆಗಳಲ್ಲ. 2006ರ ಮಾರ್ಚ್ 25ರಂದು ಲಾಸ್ ಏಂಜಲೀಸ್‌ನಲ್ಲಿ ವಲಸಿಗರ ಪರವಾಗಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಬಿಳಿ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಕರೆದವರಲ್ಲಿ ಬೆಳಗಿನ ಸ್ಪ್ಯಾನಿಷ್ ರೇಡಿಯೋ ನಿರೂಪಕರೇ ಮುಂದಿದ್ದರು.

ಸ್ಟೇಷನ್ ಸಿಗದಿದ್ದರೂ ಆಳನ್ನು ಹುಡುಕಿ. ಕೆಲಸ ಹೋದ ನಿರೂಪಕರು ಎಷ್ಟೋ ಸಲ ಫೇಸ್‌ಬುಕ್ ಲೈವ್‌ನಲ್ಲೋ ಪಾಡ್‌ಕಾಸ್ಟ್‌ನಲ್ಲೋ ಮತ್ತೆ ಶುರು ಮಾಡುತ್ತಾರೆ. ಸೆನ್ಯೋರಾ ಅವರ ನಿರೂಪಕ ಎರಡು ತಿಂಗಳಾದ ಮೇಲೆ ಹಾಗೇ ಸಿಕ್ಕಿದರು.

ಜಾಹೀರಾತಿನ ಹಂಗಿಲ್ಲದ ರೇಡಿಯೋ ಬಿಲಿಂಗ್ವೆಯನ್ನೂ ಕೇಳಿ. ಫ್ರೆಸ್ನೋದಲ್ಲಿ 1980ರ ಜುಲೈ 4ರಂದು ಶುರುವಾದದ್ದು. ಅಲ್ಲಿ ಅದರ ನಂಬರ್ 91.5, ಫೋನಿನಲ್ಲೂ ಬರುತ್ತದೆ. ಅದರಲ್ಲಿ ಒಹಾಕಾ ಕಡೆಯ ಮೂಲನಿವಾಸಿಗಳ ಮಿಶ್ತೆಕ್ ಭಾಷೆಯ ಕಾರ್ಯಕ್ರಮವೂ ಇದೆ. ಸೆನ್ಯೋರಾ ಮನೆಮಾತು ಅದೇ. ಮಂಗಳೂರು ಆಕಾಶವಾಣಿಯಲ್ಲಿ ತುಳು ಕೇಳಿ ಬೆಳೆದ ನನಗೆ ಅವರ ಮುಖ ನೋಡಿದರೇ ಅರ್ಥವಾಯಿತು. ದನಿ ಇನ್ನೂ ಜೋರಾಗಲಿ ಅಂತ ಅವರು ಫೋನನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ, ಹಿಟ್ಟು ನಾದತೊಡಗಿದರು.